ರಸ್ತೆ ಎದ್ದು ನಿಲ್ಲದ ಹಾಗೆ ಬಿಡಿಸೋದು: ಒಂದು ಚುಕ್ಕಿಯ ಪರ್ಸ್ಪೆಕ್ಟಿವ್

ಹೋದ ಬೇಸಿಗೆ ರಜೆಯಲ್ಲಿ ಅಣ್ಣನ ಮಗಳು ಒಂದು ಚಿತ್ರ ತಂದು ತೋರಿಸಿದಳು. ಗಂಗಾವತಿ ಕಡೆ ನಮ್ಮೂರಿನ ಕೆನಾಲ್ ರಸ್ತೆ. ಎಡಗಡೆ ಲೈಟ್ ಕಂಬ, ಬಲಗಡೆ ನೀರು, ಆಚೆ ಭತ್ತದ ಗದ್ದೆ. ಬಣ್ಣ ಚೆನ್ನಾಗಿಯೇ ತುಂಬಿದ್ದಳು. ನಮ್ಮವ್ವ ಕನ್ನಡಕ ಹಾಕಿಕೊಂಡು, ಹಾಳೆ ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಚಂದ ಐತವ್ವ. ಆದ್ರ ಈ ರಸ್ತಿ ಯಾಕ ಎದ್ದು ನಿಂತೈತಿ?" ಅಂದಳು. ಹುಡುಗಿಯ ಮುಖ ಸಪ್ಪಗಾಯಿತು. "ಕಾಕಾ, ನೀವರ ಹೇಳ್ರಿ, ಏನ್ ತಪ್ಪಾಗೈತಿ?"

ನೋಡಿದೆ. ರಸ್ತೆಯ ಎರಡೂ ಅಂಚು ಹಾಳೆಯ ಮೇಲ್ತುದಿಯಲ್ಲಿ ಹೋಗಿ ಸೇರಿದ್ದವು. ನೀರಿನ ಅಂಚು ಸೇರಿದ್ದು ಇನ್ನೆಲ್ಲೋ. ಕಂಬಗಳು ಸಣ್ಣದಾಗುತ್ತಾ ಹೋಗಿದ್ದವು ನಿಜ, ಆದರೆ ಅವುಗಳ ಬುಡ ಎಲ್ಲ ಒಂದೇ ಅಡ್ಡಗೆರೆಯ ಮೇಲೆ. ಒಬ್ಬಳೇ ಹುಡುಗಿ ಮೂರು ಕಡೆ ನಿಂತು ನೋಡಿ ಬಿಡಿಸಿದ ಹಾಗಿತ್ತು. ಹಾಗೆ ಯಾರಿಗೂ ನಿಲ್ಲೋಕೆ ಆಗಲ್ಲ, ಅಲ್ವಾ? ನೀವು ನಿಂತಿರೋದು ಒಂದೇ ಜಾಗದಲ್ಲಿ, ನಿಮ್ಮ ಕಣ್ಣು ನೆಲದಿಂದ ಇಷ್ಟೇ ಎತ್ತರದಲ್ಲಿ. ಅದನ್ನ ಮೊದಲು ಹಾಳೆಯ ಮೇಲೆ ಬರೆದುಕೊಂಡರೆ ಉಳಿದದ್ದು ತಾನಾಗಿಯೇ ಜಾಗಕ್ಕೆ ಬರುತ್ತೆ. ಹೀಗೆ ದೂರ, ಹತ್ತಿರ ಎರಡನ್ನೂ ಕಣ್ಣಿಗೆ ಕಾಣೋ ಹಾಗೇ ಬಿಡಿಸೋದಕ್ಕೆ ಪರ್ಸ್ಪೆಕ್ಟಿವ್ ಅಂತಾರೆ. ನಾನು ಹೈಸ್ಕೂಲಲ್ಲಿ ಇದನ್ನ ಕಲಿತದ್ದು ಉಲ್ಟಾ: ಹಾಳೆಯ ನಡುವೆ ಚುಕ್ಕಿ ಇಡು, ಎಲ್ಲ ಗೆರೆ ಅಲ್ಲಿಗೆ ಎಳಿ, ಮುಗೀತು. ಆ ಚುಕ್ಕಿ ಯಾಕೆ ಅಲ್ಲೇ ಇರಬೇಕು ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ, ಹಾಗಾಗಿ ವರ್ಷಗಟ್ಟಲೆ ನನ್ನ ರಸ್ತೆಗಳೂ ಎದ್ದೇ ನಿಂತಿದ್ದವು.

ಮೊದಲು ಪೆನ್ಸಿಲ್ ಬೇಡ, ಫೋನ್ ಸಾಕು

ಕೊಪ್ಪಳವೋ ರಾಯಚೂರೋ ಬಳ್ಳಾರಿಯೋ, ನಿಮಗೆ ಹತ್ತಿರದ ರೈಲ್ವೆ ಸ್ಟೇಷನ್‌ಗೆ ಹೋಗಿ. ಪ್ಲಾಟ್‌ಫಾರ್ಮ್ ಮೇಲೆ, ಅಂಚಿನಿಂದ ದೂರ ನಿಂತು, ಹಳಿ ಹೋಗೋ ದಿಕ್ಕಿಗೆ ನೇರವಾಗಿ ಮುಖ ಮಾಡಿ. ಫೋನನ್ನ ಕಣ್ಣಿನ ಎತ್ತರಕ್ಕೆ ಹಿಡಿದು, ಮೇಲಕ್ಕೂ ಕೆಳಕ್ಕೂ ವಾಲಿಸದೆ ಒಂದು ಫೋಟೋ ತೆಗೀರಿ. ಆಮೇಲೆ ಅಲ್ಲೇ ಕುಕ್ಕರಗಾಲಲ್ಲಿ ಕೂತು ಇನ್ನೊಂದು. ಜನ ನೋಡ್ತಾರೆ, ನೋಡಲಿ ಬಿಡಿ.

ಮನೆಗೆ ಬಂದು ಫೋಟೋ ಎಡಿಟ್ ಮಾಡೋ ಕಡೆ ಹೋಗಿ, ಬೆರಳಿನಿಂದ ಗೆರೆ ಎಳೀರಿ. ಹಳಿ ಮೇಲೆ ಒಂದು, ಪ್ಲಾಟ್‌ಫಾರ್ಮ್ ಅಂಚಿನ ಮೇಲೆ ಒಂದು, ಮೇಲಿನ ಶೀಟಿನ ಅಂಚಿನ ಮೇಲೆ ಒಂದು, ಲೈಟುಗಳ ಸಾಲಿನ ಮೇಲೆ ಒಂದು. ಕೆಳಗಿನವು ಮೇಲಕ್ಕೆ ಏರುತ್ತಾ, ಮೇಲಿನವು ಕೆಳಕ್ಕೆ ಇಳಿಯುತ್ತಾ ಎಲ್ಲ ಬಂದು ಒಂದೇ ಕಡೆ ಸೇರುತ್ತವೆ. ಅದೇ ವ್ಯಾನಿಶಿಂಗ್ ಪಾಯಿಂಟ್. ನಾನು ಸುಮ್ನೆ ಚುಕ್ಕಿ ಅಂತೀನಿ.

ಈಗ ಆ ಚುಕ್ಕಿಯ ಮೂಲಕ ಒಂದು ಅಡ್ಡಗೆರೆ ಎಳೀರಿ. ನಿಂತು ತೆಗೆದ ಫೋಟೋದಲ್ಲಿ ಆ ಗೆರೆ ಪ್ಲಾಟ್‌ಫಾರ್ಮ್ ಮೇಲೆ ನಿಂತಿರೋ, ಹೆಚ್ಚುಕಮ್ಮಿ ನಿಮ್ಮಷ್ಟೇ ಎತ್ತರದ ಎಲ್ಲರ ಕಣ್ಣಿನ ಮೇಲೆ ಹಾದು ಹೋಗುತ್ತೆ. ಹತ್ತಿರ ಇರೋರು ದೊಡ್ಡದಾಗಿ, ದೂರ ಇರೋರು ಸಣ್ಣದಾಗಿ ಕಂಡರೂ ಕಣ್ಣು ಮಾತ್ರ ಒಂದೇ ಗೆರೆಯಲ್ಲಿ. ಕೂತು ತೆಗೆದದ್ದರಲ್ಲಿ ಗೆರೆ ಇಳಿದು ಅವರ ಸೊಂಟದ ಹತ್ತಿರ ಬಂದಿರುತ್ತೆ. ಇದೇ ಕಣ್ಮಟ್ಟದ ಗೆರೆ, ಹಾರಿಜಾನ್ ಲೈನ್ ಅಂತಾರಲ್ಲ, ಅದು. ಅದು ಆಕಾಶ ಭೂಮಿ ಸೇರೋ ಗೆರೆ ಅಂತ ಮಾತ್ರ ತಿಳ್ಕೊಂಡರೆ ಕೋಣೆಯೊಳಗಿನ ಚಿತ್ರದಲ್ಲಿ ಅದನ್ನ ಎಲ್ಲಿ ಹಾಕೋದು ಅಂತ ಗೊತ್ತಾಗಲ್ಲ. ನಿಮ್ಮ ಕಣ್ಣು ಎಲ್ಲಿದೆಯೋ ಗೆರೆ ಅಲ್ಲಿ. ನೀವು ಕೂತರೆ ಅದೂ ಕೂರುತ್ತೆ, ನೀವು ಮಾಳಿಗೆ ಹತ್ತಿದರೆ ಅದೂ ಹತ್ತುತ್ತೆ.

ಕೊಪ್ಪಳದ ಗವಿಮಠದ ಜಾತ್ರೆಗೆ ಹೋದವರಿಗೆ ಇದು ಗೊತ್ತಿರುತ್ತೆ, ಗಮನಿಸಿರಲ್ಲ ಅಷ್ಟೇ. ತೇರಿನ ಮೈದಾನದಲ್ಲಿ ಜನರ ನಡುವೆ ನಿಂತರೆ ಎಷ್ಟು ಸಾವಿರ ತಲೆ ಇದ್ದರೂ ಎಲ್ಲ ಒಂದೇ ಮಟ್ಟಕ್ಕೆ ಒತ್ತಿದ ಹಾಗೆ ಕಾಣುತ್ತವೆ. ಮಠದ ಬಂಡೆಯ ಕಡೆ ಸ್ವಲ್ಪ ಮೇಲೆ ಹತ್ತಿ ತಿರುಗಿ ನೋಡಿದರೆ ಅದೇ ತಲೆಗಳು ಚಾಪೆ ಹಾಸಿದ ಹಾಗೆ ಹರಡಿಕೊಳ್ಳುತ್ತವೆ. ಜನ ಅದೇ, ಮೈದಾನ ಅದೇ. ಬದಲಾದದ್ದು ನಿಮ್ಮ ಕಣ್ಣಿನ ಎತ್ತರ.

ಸ್ಟೇಷನ್ನಿನಲ್ಲಿ ಇನ್ನೊಂದನ್ನ ನೋಡಿ ಬನ್ನಿ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಊರಿನ ಹೆಸರು ಬರೆದ ಹಳದಿ ಬೋರ್ಡ್ ಇರುತ್ತಲ್ಲ, ಅದು ಹಳಿಗೆ ಅಡ್ಡಲಾಗಿ, ನಿಮಗೆ ಎದುರಾಗಿ ನಿಂತಿರುತ್ತೆ. ಅದರ ಯಾವ ಅಂಚೂ ಚುಕ್ಕಿಯ ಕಡೆ ಹೋಗಲ್ಲ. ದೂರ ಹೋದಷ್ಟೂ ಸಣ್ಣದಾಗುತ್ತೆ, ಆದರೆ ಆಕಾರ ಕೆಡಲ್ಲ. ಹಾಗಾದರೆ ಒಂದು ಚುಕ್ಕಿಯ ಚಿತ್ರದಲ್ಲಿ ಗೆರೆ ಮೂರೇ ಜಾತಿ: ನೆಟ್ಟಗೆ ನಿಂತದ್ದು ನೆಟ್ಟಗೇ ಇರುತ್ತೆ, ಅಡ್ಡ ಇದ್ದದ್ದು ಅಡ್ಡವೇ ಇರುತ್ತೆ, ನಿಮ್ಮಿಂದ ನೇರ ದೂರ ಹೋಗೋದು ಮಾತ್ರ ಚುಕ್ಕಿಗೆ ಹೋಗುತ್ತೆ. ಬಿಡಿಸುವಾಗ ಒಂದು ಗೆರೆ ಎಲ್ಲಿಗೆ ಹೋಗಬೇಕು ಅಂತ ತಿಳೀದಿದ್ದರೆ ಇದು ಈ ಮೂರರಲ್ಲಿ ಯಾವುದು ಅಂತ ಕೇಳ್ಕೊಳ್ಳಿ.

ಸಾಮಾನು

ಎ4 ಹಾಳೆ, ಎಚ್‌ಬಿ ಪೆನ್ಸಿಲ್, 2ಬಿ ಒಂದು, 30 ಸೆಂ.ಮೀ. ಸ್ಕೇಲ್, ರಬ್ಬರ್. ಜೊತೆಗೆ ಒಂದು ಡ್ರಾಯಿಂಗ್ ಪಿನ್ನು, ಒಂದು ಮೊಳ ದಾರ. ಎಕ್ಸಾಮ್ ಪ್ಯಾಡಿಗೆ ಪಿನ್ನು ಇಳಿಯಲ್ಲ, ಬೆರಳು ನೋಯುತ್ತೆ ಅಷ್ಟೇ, ಅದಕ್ಕೆ ಹಾಳೆಯ ಕೆಳಗೆ ಯಾವುದಾದರೂ ಹಳೇ ಡಬ್ಬದ ದಪ್ಪ ರಟ್ಟು ಇಟ್ಟುಕೊಳ್ಳಿ.

ಪಿನ್ನು ಚುಕ್ಕಿಗೆ ಚುಚ್ಚಿ ದಾರ ಕಟ್ಟಿದರೆ, ದಾರ ಎಳೆದು ಹಿಡಿದ ಕಡೆ ಗೆರೆ ಸರಿಯಾಗಿದೆಯಾ ಅಂತ ಒಂದು ಸೆಕೆಂಡಲ್ಲಿ ನೋಡಬಹುದು. ಇದು ನನ್ನ ಜಾಣತನ ಏನಲ್ಲ. ಮಿಲಾನ್‌ನಲ್ಲಿ ಲಿಯೊನಾರ್ಡೊ ಡ ವಿಂಚಿ ಗೋಡೆಯ ಮೇಲೆ ಬಿಡಿಸಿದ ಏಸುವಿನ ಕೊನೆಯ ಊಟದ ಚಿತ್ರದಲ್ಲಿ, ಏಸುವಿನ ಹಣೆಯ ಪಕ್ಕದಲ್ಲಿ ಮೊಳೆ ಹೊಡೆದ ಸಣ್ಣ ತೂತು ಸಿಕ್ಕಿದೆ. ಆ ಕೋಣೆಯ ಗೋಡೆ, ಸೂರು ಎಲ್ಲದರ ಗೆರೆಗಳೂ ಅಲ್ಲಿಗೇ ಹೋಗುತ್ತವೆ. ನೋಡೋರ ಕಣ್ಣು ಅವನ ಮುಖಕ್ಕೆ ಹೋಗಲಿ ಅಂತ ಚುಕ್ಕಿ ಅಲ್ಲಿಟ್ಟಿದ್ದಾನೆ.

ಡಬ್ಬಗಳು

ಹಾಳೆ ಅಡ್ಡ ಇಟ್ಟು, ನಡುವೆ ಎಲ್ಲೋ ಒಂದು ಕಣ್ಮಟ್ಟದ ಗೆರೆ, ಅದರ ಮೇಲೆ ಚುಕ್ಕಿ. ಗೆರೆಯ ಕೆಳಗೆ ಎಡಗಡೆ 4 ಸೆಂ.ಮೀ. ಅಗಲ, 3 ಸೆಂ.ಮೀ. ಎತ್ತರದ ಒಂದು ಆಯತ ಬಿಡಿಸಿ. ಮೂಲೆಗಳಿಂದ ಚುಕ್ಕಿಗೆ ತೆಳ್ಳಗೆ ಗೆರೆ. ಸ್ವಲ್ಪ ಹಿಂದೆ ಒಂದು ಅಡ್ಡಗೆರೆ, ಒಂದು ನೆಟ್ಟಗಿನ ಗೆರೆ ಹಾಕಿ ಡಬ್ಬ ಮುಚ್ಚಿ. ಇದು ನೆಲದ ಮೇಲಿಟ್ಟ ಡಬ್ಬ, ಇದರ ಮುಚ್ಚಳ ಕಾಣುತ್ತೆ. ಗೆರೆಯ ಮೇಲ್ಗಡೆ ಒಂದು ಬಿಡಿಸಿ, ಇದು ಅಟ್ಟದ ಮೇಲಿನದು, ತಳ ಕಾಣುತ್ತೆ. ಗೆರೆ ನಡುವೆಯೇ ಹಾದು ಹೋಗೋ ಹಾಗೆ ಇನ್ನೊಂದು, ಇದರಲ್ಲಿ ಮುಚ್ಚಳವೂ ಇಲ್ಲ, ತಳವೂ ಇಲ್ಲ. ಸರಿಯಾಗಿ ಚುಕ್ಕಿಯ ಮೇಲೇ ಒಂದು ಇಟ್ಟರೆ ಬರೀ ಮುಂಭಾಗ, ಬೇರೇನೂ ಕಾಣಲ್ಲ.

ಬೋರು ಅನ್ನಿಸುತ್ತೆ. ಆದರೂ ಒಂದು ಹಾಳೆ ತುಂಬಾ ಹತ್ತು ಹನ್ನೆರಡು ಮಾಡಿ. ಮುಂದೆ ಮನೆ, ಬಸ್ಸು, ಟ್ರಂಕು, ಗೋಡೌನ್ ಎಲ್ಲ ಇದೇ ಡಬ್ಬ.

ಈಗ ಕೆನಾಲ್ ರಸ್ತೆ

ಇದನ್ನ ನಿಧಾನಕ್ಕೆ ಮಾಡೋಣ. ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕದಲ್ಲಿ ಓಡಾಡಿದವರಿಗೆ ಕಣ್ಣ ಮುಂದೆಯೇ ಇರೋ ನೋಟ ಇದು. ಕಾಲುವೆ ತಿರುಗೋ ಕಡೆ ಬೇಡ, ನೇರ ಹೋಗೋ ತುಂಡು ಹಿಡ್ಕೊಳ್ಳಿ.

ಎ4 ಹಾಳೆ ಅಡ್ಡ ಇಟ್ಟರೆ 29.7 ಸೆಂ.ಮೀ. ಅಗಲ, 21 ಎತ್ತರ. ಕೆಳಗಿನ ಅಂಚಿನಿಂದ 7 ಸೆಂ.ಮೀ. ಮೇಲೆ ಕಣ್ಮಟ್ಟದ ಗೆರೆ ಎಳೀರಿ. ಎಡ ಅಂಚಿನಿಂದ 18 ಸೆಂ.ಮೀ. ದೂರದಲ್ಲಿ ಅದರ ಮೇಲೆ ಚುಕ್ಕಿ. ಸರಿಯಾಗಿ ನಡುವೆ ಇಡಲಿಲ್ಲ ನೋಡಿ, ನಡುವೆ ಇಟ್ಟರೆ ಚಿತ್ರ ತಕ್ಕಡಿ ಹಿಡಿದ ಹಾಗೆ ಬಿಗಿಯಾಗುತ್ತೆ ಅಂತ ನನ್ನ ಅನಿಸಿಕೆ.

ಚುಕ್ಕಿಯಿಂದ ಕೆಳಗಿನ ಅಂಚಿಗೆ ಎರಡು ಗೆರೆ, ಒಂದು ಎಡದಿಂದ 4 ಸೆಂ.ಮೀ.ಗೆ, ಇನ್ನೊಂದು 23ಕ್ಕೆ. ಇದು ರಸ್ತೆ. ನೀರಿನ ಈಚೆ ಅಂಚು ಚುಕ್ಕಿಯಿಂದ 24.5ಕ್ಕೆ, ಆಚೆ ಅಂಚು ಹಾಳೆಯ ಬಲ ಮೂಲೆಗೆ. ಆಚೆ ದಂಡೆಯ ಮೇಲ್ಭಾಗ ಚುಕ್ಕಿಯಿಂದ ಬಲ ಅಂಚಿಗೆ, ಕೆಳಗಿನಿಂದ ಎರಡೂವರೆ ಸೆಂ.ಮೀ. ಎತ್ತರಕ್ಕೆ. ನೀರು ರಸ್ತೆಗಿಂತ ತಗ್ಗಿನಲ್ಲಿದೆ, ಆದರೂ ಅದೇ ಚುಕ್ಕಿಗೆ ಹೋಗುತ್ತೆ, ಯಾಕಂದರೆ ರಸ್ತೆ, ನೀರು ಎರಡೂ ಒಂದೇ ದಿಕ್ಕಿಗೆ ಹೋಗ್ತಿವೆ. ನಮ್ಮ ಹುಡುಗಿ ಎಡವಿದ್ದು ಇಲ್ಲೇ, ತಗ್ಗಿನಲ್ಲಿರೋ ನೀರಿಗೆ ಬೇರೆ ಚುಕ್ಕಿ ಬೇಕು ಅಂದುಕೊಂಡಿದ್ದಳು.

ಕಂಬಕ್ಕೆ ಬರೋಣ. ಮೊದಲನೇ ಕಂಬ ಎಡ ಅಂಚಿನಿಂದ 3 ಸೆಂ.ಮೀ.ಗೆ. ಬುಡ ಕೆಳಗಿನಿಂದ 3 ಸೆಂ.ಮೀ., ತುದಿ 19. ಅಂದರೆ ಒಟ್ಟು 16 ಸೆಂ.ಮೀ. ಕಂಬ, ಅದರಲ್ಲಿ 4 ಸೆಂ.ಮೀ. ಕಣ್ಮಟ್ಟದ ಕೆಳಗೆ, 12 ಮೇಲೆ. ಈ ಕಾಲು ಭಾಗದ ಲೆಕ್ಕ ಸುಮ್ನೆ ಹಾಕಿದ್ದಲ್ಲ. ನೆಲದ ಮೇಲೆ ಕಂಬ ಸುಮಾರು 20 ಅಡಿ ಇದೆ ಅನ್ನಿ, ನಿಮ್ಮ ಕಣ್ಣು 5 ಅಡಿಗೆ, ಹಾಗಾಗಿ ಕಣ್ಮಟ್ಟದ ಗೆರೆ ಕಂಬವನ್ನ ಕಾಲು ಭಾಗಕ್ಕೆ ಕತ್ತರಿಸುತ್ತೆ. ನೆಲ ಸಮ ಇದ್ದರೆ ಹತ್ತಿರದ ಕಂಬವನ್ನೂ ಕಾಲು ಭಾಗಕ್ಕೇ ಕತ್ತರಿಸುತ್ತೆ, ಅರ್ಧ ಕಿಲೋಮೀಟರ್ ಆಚೆಯ ಕಂಬವನ್ನೂ ಕಾಲು ಭಾಗಕ್ಕೇ. ಇದೊಂದು ತಲೆಗೆ ಹೋದರೆ ಅರ್ಧ ಪರ್ಸ್ಪೆಕ್ಟಿವ್ ಬಂದ ಹಾಗೆ.

ಕಂಬದ ತುದಿಯಿಂದ ಚುಕ್ಕಿಗೆ ಒಂದು ಗೆರೆ, ಬುಡದಿಂದ ಚುಕ್ಕಿಗೆ ಒಂದು ಗೆರೆ. ಉಳಿದ ಕಂಬ ಎಲ್ಲ ಈ ಎರಡರ ನಡುವೆ ನಿಲ್ಲಬೇಕು. ಎರಡನೇ ಕಂಬವನ್ನ ಕಣ್ಣಂದಾಜಲ್ಲಿ ಇಡಬಹುದು, ನಾವು ಎಡದಿಂದ 8 ಸೆಂ.ಮೀ.ಗೆ ಇಡೋಣ. ಮೂರನೇದು ಎಲ್ಲಿ? ಇಲ್ಲಿ ಎಲ್ಲರೂ ಅಂದಾಜಿಗೆ ಬೀಳ್ತಾರೆ, ಕಂಬಗಳ ನಡುವಿನ ದೂರ ಅಲ್ಲೇ ಹಳ್ಳ ಹಿಡಿಯುತ್ತೆ. ಅಂದಾಜು ಬೇಡ. ಎರಡನೇ ಕಂಬದ ಸರಿಯಾದ ನಡು ಗುರುತಿಸಿ, ಕಣ್ಮಟ್ಟದ ಗೆರೆ ಕತ್ತರಿಸೋ ಜಾಗ ಅಲ್ಲ, ಕಂಬದ ಎತ್ತರದ ಅರ್ಧ. ಮೊದಲ ಕಂಬದ ತುದಿಯಿಂದ ಹೊರಟು, ಆ ನಡುವಿನ ಗುರುತನ್ನ ದಾಟಿ, ಬುಡದ ಗೆರೆ ಸಿಗೋ ತನಕ ಓರೆಯಾಗಿ ಒಂದು ಗೆರೆ ಎಳೀರಿ. ಅದು ಬುಡದ ಗೆರೆಗೆ ಎಲ್ಲಿ ತಾಗುತ್ತೋ ಅಲ್ಲೇ ಮೂರನೇ ಕಂಬ. ಮುಂದೆ ಎರಡನೇ ಕಂಬದ ತುದಿಯಿಂದ ಮೂರನೇದರ ನಡು ದಾಟಿಸಿದರೆ ನಾಲ್ಕನೇದು. ಹೀಗೇ.

ಸರಿ ಬಂತಾ ಅಂತ ನೋಡೋಕೆ ಲೆಕ್ಕ ಇಲ್ಲಿದೆ. ಕಂಬಗಳು ಎಡ ಅಂಚಿನಿಂದ 3, 8, 10.5, 12, 13 ಸೆಂ.ಮೀ.ಗೆ ಬರಬೇಕು. ನಡುವಿನ ದೂರ 5, ಆಮೇಲೆ ಎರಡೂವರೆ, ಒಂದೂವರೆ, ಒಂದು. ಮೊದಲ ಎರಡು ಕಂಬದ ನಡುವೆ ಒಂದೇ ಸಲ ದೊಡ್ಡ ಜಾಗ, ಆಮೇಲೆ ಗಬಕ್ಕನೆ ಒತ್ತಿಕೊಂಡು ಬರುತ್ತವೆ. ಮೂರನೇ ಕಂಬದ ಎತ್ತರ ಅಳೆದು ನೋಡಿ, 8 ಸೆಂ.ಮೀ. ಇರಬೇಕು, ಮೊದಲನೇದರ ಸರಿಯಾಗಿ ಅರ್ಧ. ಒಂದೆರಡು ಮಿಲಿಮೀಟರ್ ಆಚೀಚೆ ಆದರೆ ಪೆನ್ಸಿಲ್ ಮೊನೆ ದಪ್ಪ ಇದೆ ಅಂತ ಅರ್ಥ. ಅರ್ಧ ಸೆಂ.ಮೀ. ತಪ್ಪಿದ್ದರೆ ನಡು ಗುರುತಿಸುವಾಗ ತಪ್ಪಿದ್ದೀರಿ.

ಕಂಬದ ತಲೆಯ ಮೇಲಿನ ಅಡ್ಡಪಟ್ಟಿ ರಸ್ತೆಗೆ ಅಡ್ಡ ಇರುತ್ತೆ, ಅಂದರೆ ಸ್ಟೇಷನ್ ಬೋರ್ಡಿನ ಜಾತಿ. ಅದನ್ನ ಅಡ್ಡಕ್ಕೇ ಬಿಡಿಸಿ, ಓರೆ ಮಾಡಬೇಡಿ. ತಂತಿ ಮಾತ್ರ ಕಂಬದಿಂದ ಕಂಬಕ್ಕೆ ಸ್ವಲ್ಪ ಜೋತು ಬೀಳ್ತಾ ಚುಕ್ಕಿಯ ಕಡೆ ಹೋಗಲಿ. ಸ್ಕೇಲ್ ಹಿಡಿದು ನೆಟ್ಟಗೆ ಎಳೆದ ತಂತಿ ತಂತಿ ಅನಿಸಲ್ಲ.

ರಸ್ತೆ ಮೇಲೆ ಒಬ್ಬ ಮನುಷ್ಯನನ್ನ ನಿಲ್ಲಿಸಿ. ಎಲ್ಲಿ ಬೇಕಾದರೂ ನಿಲ್ಲಿಸಿ, ಕಣ್ಣು ಮಾತ್ರ ಕಣ್ಮಟ್ಟದ ಗೆರೆಯ ಮೇಲೆ ಇರಲಿ, ಕಾಲು ರಸ್ತೆಗೆ ತಾಗಲಿ. ಸೈಕಲ್ ಹಿಡಿದ ಹುಡುಗನ ತಲೆ ಗೆರೆಯ ಕೆಳಗೆ. ಟ್ರ್ಯಾಕ್ಟರ್ ಮೇಲೆ ಕೂತವನದು ಗೆರೆಯ ಮೇಲೆ. ನಮ್ಮ ಹುಡುಗಿ ಇಷ್ಟು ಮಾಡೋಕೆ ಎರಡು ಮಧ್ಯಾಹ್ನ ತಗೊಂಡಳು, ಮೂರು ಹಾಳೆ ಹರಿದಳು, ಕಂಬ ಆರನೇದಕ್ಕೆ ಬಂದಾಗ "ಸಾಕು ಕಾಕಾ, ಅಲ್ಲಿಗೆ ಕರೆಂಟ್ ಹೋಗಿಲ್ಲ" ಅಂದಳು.

ಬಂಡೆ ಹಾಸಿದ ಕೋಣೆ

ಒಳಾಂಗಣ ಬಿಡಿಸೋರಿಗೆ ನೆಲ ದೊಡ್ಡ ತಲೆನೋವು. ನಮ್ಮ ಕಡೆ ಹಳೇ ಮನೆಗಳಲ್ಲಿ ಶಾಬಾದಿ ಬಂಡೆ ಹಾಸಿರ್ತಾರೆ, ಈಗಿನವುಗಳಲ್ಲಿ ಟೈಲ್ಸ್. ಎರಡೂ ಚೌಕ ಅಂತ ಇಟ್ಟುಕೊಳ್ಳಿ.

ಹಾಳೆಯ ಕೆಳಗಿನ ಅಂಚಿನಲ್ಲಿ 2 ಸೆಂ.ಮೀ.ಗೆ ಒಂದೊಂದು ಗುರುತು. ಕಣ್ಮಟ್ಟದ ಗೆರೆ 10 ಸೆಂ.ಮೀ. ಎತ್ತರಕ್ಕೆ, ಚುಕ್ಕಿ ನಡುವೆ, 15ಕ್ಕೆ. ಎಲ್ಲ ಗುರುತನ್ನೂ ಚುಕ್ಕಿಗೆ ಸೇರಿಸಿ. ಅಡ್ಡಗೆರೆಗಳು ಎಲ್ಲಿ ಬರಬೇಕು ಅಂತ ತಿಳಿಯೋಕೆ ಎರಡನೇ ಒಂದು ಗುರುತು ಬೇಕು, ಅದು ಕಣ್ಮಟ್ಟದ ಗೆರೆಯ ಮೇಲೇ, ಚುಕ್ಕಿಯಿಂದ 30 ಸೆಂ.ಮೀ. ಬಲಕ್ಕೆ. ಹಾಳೆಯ ಆಚೆ ಹೋಗುತ್ತೆ, ಪಕ್ಕದಲ್ಲಿ ಪೇಪರ್ ಅಂಟಿಸಿಕೊಳ್ಳಿ. ಕೆಳಗಿನ ಎಡ ಮೂಲೆಯಿಂದ ಆ ಗುರುತಿಗೆ ಓರೆಗೆರೆ ಎಳೆದರೆ ಅದು ಚುಕ್ಕಿಗೆ ಹೋಗೋ ಗೆರೆಗಳನ್ನ ಒಂದೊಂದಾಗಿ ಕತ್ತರಿಸುತ್ತಾ ಹೋಗುತ್ತೆ. ಕತ್ತರಿಸಿದ ಕಡೆಯೆಲ್ಲ ಒಂದು ಅಡ್ಡಗೆರೆ. ಬಂಡೆ ಹಾಸಿ ಆಯಿತು.

30 ಯಾಕೆ? ನಿಮ್ಮ ಕಣ್ಣಿಗೂ ಹಾಳೆಗೂ ಇರೋ ದೂರ ಅದು. ಸೋಮಾರಿತನಕ್ಕೆ ಅದನ್ನ ಹಾಳೆಯ ಒಳಗೇ, ಚುಕ್ಕಿಯಿಂದ 8 ಸೆಂ.ಮೀ.ಗೆ ಇಟ್ಟು ನೋಡಿ. 30ಕ್ಕೆ ಇಟ್ಟಾಗ ಮೊದಲ ಸಾಲಿನ ಬಂಡೆ ಸುಮಾರು 6 ಮಿ.ಮೀ. ಆಳ ಬರುತ್ತೆ, ನೋಡೋಕೆ ಚೌಕ ಅನಿಸುತ್ತೆ. 8ಕ್ಕೆ ಇಟ್ಟರೆ ಪೂರಾ 2 ಸೆಂ.ಮೀ. ಬರುತ್ತೆ, ಬಂಡೆ ಉದ್ದಕ್ಕೆ ಎಳೆದ ರಬ್ಬರಿನ ಹಾಗೆ. ಅವ್ವ ಹೇಳಿದ ಎದ್ದು ನಿಂತ ನೆಲ ಅಂದರೆ ಇದೂ ಒಂದು.

ಈ ಲೆಕ್ಕಗಳನ್ನೆಲ್ಲ ಕಂಡುಕೊಂಡದ್ದು ಇಟಲಿಯ ಫ್ಲಾರೆನ್ಸ್‌ನಲ್ಲಿ. 15ನೇ ಶತಮಾನದ ಶುರುವಿನಲ್ಲಿ ವಾಸ್ತುಶಿಲ್ಪಿ ಬ್ರೂನೆಲೆಸ್ಕಿ ಮಾಡಿ ತೋರಿಸಿದ, 1435ರಲ್ಲಿ ಆಲ್ಬರ್ಟಿ ಅನ್ನೋ ವಿದ್ವಾಂಸ ಚೌಕದ ನೆಲ ಹಾಸೋ ವಿಧಾನ ಬರೆದಿಟ್ಟ. ಆಗ ಇಲ್ಲಿ ಹಂಪಿಯಲ್ಲಿ ಎರಡನೇ ದೇವರಾಯನ ಆಳ್ವಿಕೆ. ವಿರೂಪಾಕ್ಷ ಗುಡಿಯ ಮಂಟಪದಲ್ಲಿ ತಲೆ ಎತ್ತಿ ನೋಡಿದರೆ ಮೆರವಣಿಗೆಯ ಚಿತ್ರ ಇದೆ, ಅದರಲ್ಲಿ ಚುಕ್ಕಿಯೂ ಇಲ್ಲ, ಕಣ್ಮಟ್ಟವೂ ಇಲ್ಲ. ಅವರಿಗೆ ಬರ್ತಿರಲಿಲ್ಲ ಅಂತ ಮೂಗು ಮುರಿಯೋರು ಇದ್ದಾರೆ. ಅವರಿಗೆ ಒಬ್ಬನೇ ನಿಂತು ನೋಡೋ ನೋಟ ಬೇಕಿರಲಿಲ್ಲ, ಇಡೀ ಮೆರವಣಿಗೆ ಬೇಕಿತ್ತು, ಅಷ್ಟೇ. ಅದೇ ಗುಡಿಯಿಂದ ಹೊರಗೆ ಬಂದು ಬಜಾರಿನ ಆ ತುದಿಯ ನಂದಿಯ ತನಕ ನಡೆದು, ತಿರುಗಿ ಗೋಪುರ ನೋಡಿದರೆ ಎರಡೂ ಕಡೆಯ ಕಲ್ಲಿನ ಸಾಲು ಗೋಪುರದ ಬುಡದ ಕಡೆ ಓಡುತ್ತೆ, ಒಂದು ಚುಕ್ಕಿಯ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆ ಜಾಗ ಬೇಕೇ. ಹಂಪಿ 2021ರಿಂದ ವಿಜಯನಗರ ಜಿಲ್ಲೆ, ನಮ್ಮ ಬಾಯಲ್ಲಿ ಇನ್ನೂ ಬಳ್ಳಾರಿ ಅಂತಲೇ ಬರುತ್ತೆ.

ಎಲ್ಲಿ ಕೈ ಕೊಡುತ್ತೆ

ರಸ್ತೆ ಬದಿ ಓರೆಯಾಗಿ ನಿಲ್ಲಿಸಿದ ಆಟೋ ಈ ಚುಕ್ಕಿಗೆ ಬರಲ್ಲ. ಅದರ ಗೆರೆಗಳಿಗೆ ಅದೇ ಕಣ್ಮಟ್ಟದ ಮೇಲೆ ಬೇರೆ ಎರಡು ಚುಕ್ಕಿ ಬೇಕು. ಸದ್ಯಕ್ಕೆ ಆಟೋವನ್ನ ನೇರ ನಿಲ್ಲಿಸಿಬಿಡಿ.

ಏರು ರಸ್ತೆಯೂ ಅಷ್ಟೇ. ಬಳ್ಳಾರಿ ಕೋಟೆ ಗುಡ್ಡವೋ ಅಂಜನಾದ್ರಿಯೋ, ಮೆಟ್ಟಿಲು ನೇರ ಎದುರಿಗೆ ಏರಿ ಹೋಗುವ ಕಡೆ ಪಕ್ಕದ ಹಿಡಿಕಂಬಿಯ ಗೆರೆ ಕಣ್ಮಟ್ಟದಲ್ಲಿ ಸೇರಲ್ಲ, ಚುಕ್ಕಿಯ ನೆಟ್ಟಗೆ ಮೇಲೆ ಇನ್ನೊಂದು ಕಡೆ ಸೇರುತ್ತೆ. ಅಂದರೆ ಎದ್ದು ನಿಂತ ರಸ್ತೆ ಒಂದೊಂದು ಸಲ ಸರಿಯೇ, ಅದು ಏರು ಆಗಿದ್ದರೆ.

ಇನ್ನು ಚಿತ್ರದ ತೀರ ಅಂಚಿಗೆ ಸಾಮಾನು ಒತ್ತಬೇಡಿ, ಅಲ್ಲಿ ಡಬ್ಬ ಎಲ್ಲ ಸೊಟ್ಟಗೆ ಎಳೆದ ಹಾಗಾಗುತ್ತೆ. ಲೆಕ್ಕ ಸರಿ ಇದ್ದರೂ ಕಣ್ಣು ಒಪ್ಪಲ್ಲ.

ಇಷ್ಟು ಕೈಗೆ ಬಂದ ಮೇಲೆ ಒಂದು ಭಾನುವಾರ ಕುಕನೂರಿನ ಹತ್ತಿರದ ಇಟಗಿಗೆ ಹೋಗಿ. ಅಲ್ಲಿನ ಮಹಾದೇವ ದೇವಾಲಯ 1112ರದು, ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಶಾಸನದಲ್ಲಿ ಅದನ್ನ ದೇವಾಲಯ ಚಕ್ರವರ್ತಿ ಅಂತ ಕರೆದಿದ್ದಾರೆ. ತೆರೆದ ಮಂಟಪದಲ್ಲಿ ಗರ್ಭಗುಡಿಗೆ ಎದುರಾಗಿ, ನಡುವಿನ ದಾರಿಯಿಂದ ಸ್ವಲ್ಪ ಸರಿದು ನೆಲದ ಮೇಲೆ ಕೂತುಕೊಳ್ಳಿ. ಕಂಬಗಳು ಸಾಲಾಗಿ ಒಳಗೆ ಹೋಗುತ್ತವೆ, ನಿಮ್ಮ ಕಣ್ಣು ಎರಡೂವರೆ ಅಡಿ ಎತ್ತರದಲ್ಲಿ. ಅಲ್ಲಿನ ಕಂಬಗಳಿಗೆ ಕಡೆದ ಬಳೆಬಳೆಯಂಥ ಸುತ್ತುಗಳಿವೆ. ಕಣ್ಮಟ್ಟದಲ್ಲಿರೋ ಬಳೆ ನೇರ ಗೆರೆಯಾಗಿ ಕಾಣುತ್ತೆ, ಅದಕ್ಕಿಂತ ಮೇಲಿನವು ಮೇಲಕ್ಕೆ ಬಾಗುತ್ತವೆ, ಕೆಳಗಿನವು ಕೆಳಕ್ಕೆ. ಗೆರೆಯಿಂದ ದೂರ ಹೋದಷ್ಟೂ ಬಾಗು ಜಾಸ್ತಿ. ಮೊದಲು ಕಂಬಗಳ ಜಾಗ ಹಿಡೀರಿ, ಬಳೆ ಆಮೇಲೆ. ನಾನು ಬಳೆಯಿಂದಲೇ ಶುರು ಮಾಡಿದೆ, ಹಾಗಾಗಿ ನನ್ನ ಚಿತ್ರ ಎಡಗಡೆಯ ಎರಡನೇ ಕಂಬದ ಹತ್ತಿರ ಇನ್ನೂ ಹಾಗೇ ನಿಂತಿದೆ.